ಕಲಬುರಗಿ ಧೂಳಿನ್ಯಾಗ ಫೋಮ್ ಏರ್ ಫಿಲ್ಟರ್: ಮೂರು ವರ್ಷ, 26 ಸಾವಿರ ಕಿ.ಮೀ ಆದಮ್ಯಾಗ ಬರೀಲಾಕತ್ತೀನಿ

ಗಾಡಿ ಹೀರೋ ಕಂಪನಿ ಎಕ್ಸ್‌ಪಲ್ಸ್ 200 ಬೈಕ್, 2021ರಾಗ ತಗೊಂಡಿದ್ದು. ವಾರದಾಗ ನಾಲ್ಕ್ ದಿನ ಚಿತ್ತಾಪುರ ಕಡಿ ನಮ್ ಹೊಲಕ್ಕ ಹೋಗಿ ಬರ್ತೀನಿ, ಅದ್ರಾಗ ಕೊನಿ ಏಳು ಕಿಲೋಮೀಟರ್ ಡಾಂಬರೇ ಇಲ್ಲ, ಬರೇ ಬಂಡಿ ದಾರಿ. ಐತವಾರ ದೋಸ್ತರ ಜೋಡಿ ಚಿಂಚೋಳಿ ಕಡಿ ಕಚ್ಚಾ ರಸ್ತಾಕ್ಕ ಹೋಗೋದದ.

ಇಂಜಿನಿಗೆ ಹೋಗೋ ಗಾಳಿ ಸೋಸೋ ಈ ಫೋಮ್ (ಸ್ಪಂಜ್) ಫಿಲ್ಟರ್ ಹಾಕ್ಸಾಕ ಒಂದು ಕಾರಣ ಅದ. ಮೊದ್ಲು ಗಾಡಿ ಜೋಡಿ ಬಂದ ಪೇಪರ್ ಫಿಲ್ಟರೇ ಇತ್ತು, ಅದ್ರದೇನೂ ತಪ್ಪಿಲ್ಲ. ಆದ್ರ ಒಬ್ಬ ಮಿಸ್ತ್ರಿ ಪ್ರತಿ ಸರ್ವೀಸಿಗೂ ಅದನ್ನ ತೆಗದು ಪಂಕ್ಚರ್ ಅಂಗಡಿ ಕಂಪ್ರೆಸರ್ ಗಾಳಿ ಹೊಡದು ವಾಪಸ್ ಹಾಕ್ತಿದ್ದ, ನಾನೂ ಸಾಫ್ ಆಯ್ತು ಅಂತ ಸುಮ್ನಿದ್ದೆ. ಅಷ್ಟು ಜೋರ್ ಗಾಳಿಗೆ ಪೇಪರ್ ಮಡಿಕಿನ್ಯಾಗ ಸಣ್ಣ ಸೀಳು ಬಿದ್ದಿದ್ದು ಕಣ್ಣಿಗೆ ಕಾಣ್ಲಿಲ್ಲ. ಒಂದು ತೊಗರಿ ರಾಶಿ ಮುಗಿಯೋದ್ರಾಗ ಇಂಜಿನ್ ಆಯಿಲ್ ಇಳೀಲಾಕತ್ತು, ಸೈಲೆನ್ಸರ್‌ನಿಂದ ನೀಲಿ ಹೊಗಿ ಬಂತು, ಬಿಚ್ಚಿ ನೋಡಿದ್ರ ಪಿಸ್ಟನ್ ರಿಂಗ್ ಸವದು ಹೋಗಿದ್ವು. 11 ಸಾವಿರ ಖರ್ಚಾತು. ಧೂಳಿನ್ಯಾಗಿನ ಮರಳಿನ ಕಣ ಆಯಿಲ್ ಜೋಡಿ ಕೂಡಿದ್ರ ಉಪ್ಪು ಕಾಗದದಂಗ ತಿಕ್ಕತದ ಅನ್ನೋದು ಅವತ್ತು ರಿಂಗ್ ಕೈಯಾಗ ಹಿಡದಾಗ ತಿಳೀತು.

ನಮ್ ಕಡಿ ಧೂಳ ಬ್ಯಾರೇನೇ ಅದ ರೀ. ಎರಿ ಮಣ್ಣು ಮಳಿಗಾಲದಾಗ ಗಾಲಿಗೆ ಅಂಟಿ ಗಾಡಿ ಮುಂದ ಹೋಗಗೊಡಂಗಿಲ್ಲ, ಅದೇ ಮಣ್ಣು ಜನವರಿ ನಂತರ ಟ್ರ್ಯಾಕ್ಟರ್ ಗಾಲಿ ಕೆಳಗ ಪುಡಿಯಾಗಿ ಜ್ವಾಳದ ಹಿಟ್ಟಿನಂಗ ಆಗ್ತದ. ಶಹಾಬಾದ್ ಕಡಿ ಹೋದ್ರ ಪರ್ಸಿ (ಹಾಸು ಕಲ್ಲು) ಖಣಿ ಬಿಳಿ ಪುಡಿ, ಸೇಡಂ ದಾರ್ಯಾಗ ಸಿಮೆಂಟ್ ಲಾರಿ. ಬೀದರ್ ಕಡಿ ಹೋದ್ರ ಕೆಂಪು ಮಣ್ಣು. ಯಾವ ಬಣ್ಣದ ಧೂಳ ಯಾವ ವಾರ ತಿಂದದ ಅನ್ನೋದು ಫಿಲ್ಟರ್ ತೊಳಿಯೋ ನೀರ್ ನೋಡಿದ್ರೇ ಗೊತ್ತಾಗ್ತದ.

2022ರಾಗ ಎರಡು ಪದರದ ಫೋಮ್ ಫಿಲ್ಟರ್ ತರಿಸ್ದೆ, ಹೊರಗ ದೊಡ್ಡ ರಂಧ್ರದ್ದು, ಒಳಗ ಸಣ್ಣ ರಂಧ್ರದ್ದು, ನಡುಕ ಗಮ್ ಹಚ್ಚಿರ್ತಾರ. ಫಿಲ್ಟರಿಗೆ ಎರಡೂವರಿ ಸಾವಿರ, ಅದರ ಆಯಿಲಿಗೆ ಬ್ಯಾರೆ ಏಳ್ನೂರು. ಪಿಕಪ್ ಹೆಚ್ಚಾಗ್ತದ ಅಂತ ಭಾಳ ಮಂದಿ ಹೇಳ್ತಾರ, ನನಗಂತೂ ಏನೂ ಫರಕ್ ಕಂಡಿಲ್ಲ, ಮೈಲೇಜೂ ಅಷ್ಟೇ ಅದ. ಅದಕ್ಕ ಅಂತ ತಗೋಬ್ಯಾಡ್ರಿ. ತೊಳದು ತೊಳದು ವರ್ಷಗಟ್ಲೆ ಬಳಸಬಹುದು, ಧೂಳ ಮೇಲ್ಮೈಗೆ ಅಷ್ಟೇ ಅಲ್ಲದ ಫೋಮಿನ ದಪ್ಪದಾಗೆಲ್ಲಾ ಹಿಡಕೊಂಡು ಕುಂದರ್ತದ, ನನಗ ಬೇಕಾಗಿದ್ದದ್ದು ಅದೇ.

ಆದ್ರ ಧೂಳ ಹಿಡಿಯೋದು ಬರೇ ಫೋಮ್ ಅಲ್ಲ, ಅದಕ್ಕ ಹಚ್ಚಿದ ಅಂಟು ಆಯಿಲ್. ಮೊದಲನೇ ಬ್ಯಾಸಿಗ್ಯಾಗ ಫಿಲ್ಟರ್ ಆಯಿಲ್ ತೀರಿತ್ತು, ಮನ್ಯಾಗ ಉಳದ ಇಂಜಿನ್ ಆಯಿಲ್ ಹಚ್ಚಿ ಓಡಿಸ್ದೆ. ಹತ್ತು ದಿನದ ಮ್ಯಾಗ ತೆಗದು ನೋಡ್ತೀನಿ, ಮೇ ತಿಂಗಳ ಬಿಸಲಿಗೆ ಆಯಿಲ್ ಎಲ್ಲಾ ಕೆಳಗ ಇಳದು ಏರ್ ಬಾಕ್ಸ್ (ಫಿಲ್ಟರ್ ಕುಂದ್ರೋ ಡಬ್ಬಿ) ತಳದಾಗ ನಿಂತದ, ಮ್ಯಾಲಿನ ಅರ್ಧ ಫೋಮ್ ಪುರಾ ಒಣಗ್ಯಾದ. ಒಣಗಿದ ಫೋಮ್ ಅಂದ್ರ ಜರಡಿ ಇದ್ದಂಗ, ಸಣ್ಣ ಧೂಳ ಸೀದಾ ಒಳಗ. ಫಿಲ್ಟರ್ ಆಯಿಲ್ ಹಚ್ಚುವಾಗ ತೆಳ್ಳಗಿರ್ತದ, ಆಮ್ಯಾಗ ಅದರೊಳಗಿನ ದ್ರಾವಕ ಆರಿ ಜೇನಿನಂಗ ಜಿಗಟಾಗಿ ಇದ್ದಲ್ಲೇ ನಿಲ್ತದ, ಅದಕ್ಕೇ ಹಚ್ಚಿದ ಕೂಡ್ಲೇ ಗಾಡಿ ಚಾಲೂ ಮಾಡಬಾರ್ದು, ನಾ ರಾತ್ರಿ ಹಚ್ಚಿ ಮುಂಜಾನಿ ಹಾಕ್ತೀನಿ.

ತೊಳಿಯೋದು ನಂಗ ಈಗ ರೂಢಿ ಆಗ್ಯಾದ, ರಾಶಿ ಟೈಮಿನ್ಯಾಗ ಹತ್ತು ದಿನಕ್ಕೊಮ್ಮೆ, ಉಳದ ಟೈಮ್ ತಿಂಗಳಿಗೊಮ್ಮೆ. ಫಿಲ್ಟರ್ ತೆಗದ ಕೂಡ್ಲೇ ಇಂಜಿನ್ ಕಡಿ ಹೋಗೋ ಒಳಗಿನ ಬಾಯಿಗೆ ಸಾಫ್ ಅರಬಿ ತುರಕಬೇಕು, ಇಲ್ಲಂದ್ರ ಬಾಕ್ಸ್ ಒರಸುವಾಗ ಬಿದ್ದ ಮಣ್ಣು ಇಂಜಿನಿಗೇ ಹೋಗ್ತದ. ಫಿಲ್ಟರ್ ಕ್ಲೀನರ್ ಇದ್ರ ಮೊದ್ಲು ಅದ್ರಾಗ ಅದ್ದತೀನಿ, ಇಲ್ಲಂದ್ರ ಉಗುರು ಬೆಚ್ಚನ ನೀರಿಗೆ ಪಾತ್ರಿ ತಿಕ್ಕೋ ಲಿಕ್ವಿಡ್ ಹಾಕಿ ಮೂರು ಸಲ. ಒಳಗಿನ ಬದಿಯಿಂದ ಹೊರಗ ನೀರ್ ಬಿಡ್ಬೇಕು, ಹೊರಗಿನಿಂದ ಬಿಟ್ರ ಮಣ್ಣು ಸಾಫ್ ಇದ್ದ ಕಡೀಗೇ ಹೊಕ್ಕತದ. ಅಂಗೈ ನಡುಕ ಇಟ್ಟು ಒತ್ತಬೇಕು, ಅರಬಿ ಹಿಂಡಿದಂಗ ತಿರುವಬಾರ್ದು. ನಮ್ ಬೋರ್ ನೀರು ಗಡಸು, ನೊರಿ ಬರಂಗಿಲ್ಲ, ಹಂಗಾಗಿ ನಳದ ನೀರು ಬಂದ ದಿನ ತೊಳೀತೀನಿ. ನೆಳ್ಳಿನ್ಯಾಗ ಪೂರ್ತಿ ಒಣಗಬೇಕು, ಹಸಿ ಇದ್ರ ಆಯಿಲ್ ಹಿಡಿಯಂಗಿಲ್ಲ, ಬಿಸಲಿಗೆ ಇಟ್ರ ಫೋಮ್ ಹಾಳಾಗ್ತದ.

ಪೆಟ್ರೋಲಿನ್ಯಾಗ ಮಾತ್ರ ತೊಳೀಬ್ಯಾಡ್ರಿ. ಬೆಂಕಿ ಭಯ ಒಂದು ಕಡಿ, ಪದರ ಅಂಟಿಸಿದ ಗಮ್ ಬಿಡ್ತದ. ನನ್ನ ಮೊದಲನೇ ಫಿಲ್ಟರ್ 20 ತಿಂಗಳಿಗೇ ಹೋಗಿದ್ದು ಹಿಂಗೇ, ಅವಸರದಾಗ ಎರಡು ಸಲ ಪೆಟ್ರೋಲ್ ಹಾಕಿ ತೊಳದಿದ್ದೆ, ಜಾಯಿಂಟ್ ಬೆರಳು ಹೋಗೋವಷ್ಟು ಬಿಟ್ಟಿತ್ತು. ಈಗಿನದು ಎರಡನೇದು.

ಇಷ್ಟೆಲ್ಲಾ ಮಾಡಿದ್ರೂ ಒಂದು ವರ್ಷ ತನಕ ನನಗ ತಿಳೀದೆ ಇದ್ದದ್ದು ಫಿಲ್ಟರಿನ ಅಂಚು. ಫೋಮ್ ಸಾಫ್ ಅದ, ಆಯಿಲ್ ಬರೋಬ್ಬರಿ ಅದ, ಆದ್ರೂ ಒಂದಿನ ಫಿಲ್ಟರ್ ಹಿಂದ ಇಂಜಿನಿಗೆ ಹೋಗೋ ರಬ್ಬರ್ ಪೈಪಿನ್ಯಾಗ ಬೆರಳು ಹಾಕಿ ತಿರುವಿದ್ರ ಬೆರಳಿಗೆ ಬೂದಿ ಬಣ್ಣದ ಪುಡಿ! ಎದಿ ಧಸಕ್ಕಂತು. ಹೊಳ್ಳಿಸಿ ಹೊಳ್ಳಿಸಿ ನೋಡಿದ್ಮ್ಯಾಗ ಗೊತ್ತಾತು, ಕೆಳಗಿನ ಮೂಲಿಗೆ ಅಂಚು ಸ್ವಲ್ಪ ಮಡಚಿ ಕುಂತಿತ್ತು, ಗಾಳಿ ಫೋಮ್ ಬಿಟ್ಟು ಆ ಸಂದಿನಿಂದ ಹೋಗ್ತಿತ್ತು. ಅವತ್ತಿನಿಂದ ಅಂಚಿಗೆ ಸುತ್ತಲೂ ತೆಳ್ಳಗ ಗ್ರೀಸ್ ಹಚ್ಚತೀನಿ, ಮುಚ್ಚಳದ ಸ್ಕ್ರೂ ಒಂದೇ ಕಡಿ ಬಿಗಿಯದ ಎದುರಾ ಬದುರಾ ಸ್ವಲ್ಪ ಸ್ವಲ್ಪ ಬಿಗೀತೀನಿ. ಪ್ರತಿ ಸಲ ಬಿಚ್ಚಿದಾಗ ಬೆರಳು ಹಾಕಿ ನೋಡೋದು ಬಿಟ್ಟಿಲ್ಲ. ದುಡ್ಡು ಹತ್ತಂಗಿಲ್ಲ, ಇದರಷ್ಟು ಖರೇ ಹೇಳೋ ಟೆಸ್ಟ್ ಬ್ಯಾರೆ ಇಲ್ಲ.

ಮಳಿಗಾಲದಾಗ ಹಳ್ಳ ದಾಟಿದ್ರ ಏರ್ ಬಾಕ್ಸ್ ಕೆಳಗಿನ ಡ್ರೇನ್ ಪೈಪ್ ನೋಡ್ರಿ, ನೀರು ಆಯಿಲ್ ಕೂಡಿ ನಿಂತಿರ್ತದ.

ತಗೋಬೇಕಾ ಅಂತ ಕೇಳಿದ್ರ, ಸಿಟಿಯೊಳಗ ಆಫೀಸಿಗೆ ಓಡಾಡೋರಿಗೆ ಬ್ಯಾಡ, ಪೇಪರ್ ಹಾಕಿ ಟೈಮಿಗೆ ಬದಲಿ ಮಾಡ್ರಿ, ಗಾಳಿ ಹೊಡಸಬ್ಯಾಡ್ರಿ. ಹೊಲ, ಖಣಿ, ಕಚ್ಚಾ ರಸ್ತಾ ಇದ್ದೋರು ತಿಂಗಳಿಗೆ ಒಂದೆರಡು ತಾಸು ತಮ್ಮ ಕೈಯಿಂದ ಕೊಡೋ ಮನಸ್ಸಿದ್ರ ತಗೋರಿ. ಎರಡು ತಗೊಂಡ್ರ ಇನ್ನೂ ಚೊಲೊ, ಒಂದು ಒಣಗೋದ್ರಾಗ ಇನ್ನೊಂದು ಗಾಡ್ಯಾಗ ಇರ್ತದ. ರಿಂಗ್ ಹಾಕಿಸಿದ್ಮ್ಯಾಗ ಈಗಿನ ತನಕ ಆಯಿಲ್ ಲೆವೆಲ್ ಇಳದಿಲ್ಲ, ಹೊಗಿ ಇಲ್ಲ. ಈಗಿನ ಫೋಮ್ ಬೆರಳಿಂದ ಒತ್ತಿದ್ರ ಮೊದಲಿನಂಗ ಪಟ್ನ ಎದ್ದು ಬರಂಗಿಲ್ಲ, ಅಂಚಿಗೆ ಸಣ್ಣ ಚೂರು ಉದುರಲಾಕತ್ಯಾವ, ಈ ಸಲದ ತೊಗರಿ ರಾಶಿ ಚಾಲೂ ಆಗೋಕ ಮೊದ್ಲೇ ಬದಲಿ ಮಾಡ್ತೀನಿ.