ಮುತ್ತಜ್ಜನ ಹೆಸರು ಮತ್ತು ಯೂಟಾದ ಕಡತ: ಫ್ಯಾಮಿಲಿಸರ್ಚ್ ಬಳಸಿ ನೋಡಿದಾಗ

ಗೋಕರ್ಣದಲ್ಲಿ ಪಿತೃಕಾರ್ಯಕ್ಕೆ ಕುಳಿತಾಗ ಪುರೋಹಿತರು ತಂದೆಯ ಕಡೆಯ ಮೂರು ತಲೆಮಾರು ಮುಗಿಸಿ ತಾಯಿಯ ಕಡೆಗೆ ಬಂದರು. ಮೂರನೆಯ ಹೆಸರು ನನಗೆ ನೆನಪಾಗಲಿಲ್ಲ. ದರ್ಭೆ ಹಿಡಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಶಿರಸಿಯಲ್ಲಿದ್ದ ಸೋದರಮಾವನಿಗೆ ಫೋನ್ ಮಾಡಿಸಬೇಕಾಯಿತು. ಆ ಮುಜುಗರದಿಂದಲೇ ಊರಿಗೆ ಮರಳಿದ ವಾರ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಸೇವೆಯಲ್ಲಿ ಖಾತೆ ತೆರೆದೆ.

ಈ ಸೇವೆಗೆ ಶುಲ್ಕವಿಲ್ಲ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರ ಕಚೇರಿಯಿರುವ, ಜನ ಮಾರ್ಮನ್ ಚರ್ಚ್ ಎಂದು ಕರೆಯುವ ಧರ್ಮಸಂಸ್ಥೆ ಇದರ ವೆಚ್ಚವನ್ನು ಹೊರುತ್ತದೆ. (ಆ ಅಡ್ಡಹೆಸರನ್ನು ಬಿಟ್ಟು ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪೂರ್ಣ ಹೆಸರಿನಿಂದಲೇ ಕರೆಯಿರಿ ಎಂದು ಅವರ ಮುಖ್ಯಸ್ಥರು 2018ರಲ್ಲಿ ಕೇಳಿಕೊಂಡಿದ್ದರು.) 1894ರಲ್ಲಿ ವಂಶಾವಳಿ ಸಂಘವೊಂದನ್ನು ಕಟ್ಟಿ, 1938ರಿಂದ ದೇಶದೇಶಗಳ ಹಳೆಯ ದಾಖಲೆಗಳನ್ನು ಮೈಕ್ರೋಫಿಲ್ಮ್‌ಗೆ ಇಳಿಸಿ, 1999ರಲ್ಲಿ ಜಾಲತಾಣ ತೆರೆದವರು ಇವರು. ಇಷ್ಟೆಲ್ಲ ಶ್ರಮಕ್ಕೆ ಕಾರಣವೇನೆಂಬುದನ್ನು ಖಾತೆ ತೆರೆಯುವವರು ಮೊದಲೇ ತಿಳಿದಿರಬೇಕು: ಗತಿಸಿದ ಪೂರ್ವಜರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುವ ವಿಧಿ ಅವರಲ್ಲಿದೆ, ಅದಕ್ಕೆ ಪೂರ್ವಜರ ಹೆಸರು ಬೇಕು. ಎಳ್ಳುನೀರು ಬಿಡುವಾಗ ಹೆಸರು ಹೇಳುವ ನಮಗೆ ಇದು ತೀರಾ ವಿಚಿತ್ರವೆನಿಸಬೇಕಾಗಿಲ್ಲ. ಆದರೆ ಹಾಗೆ ದೀಕ್ಷೆ ಪಡೆದ ಹೆಸರುಗಳ ಬಗ್ಗೆ ಆಕ್ಷೇಪಗಳೂ ಎದ್ದಿವೆ. ಹಿಟ್ಲರನ ಕಾಲದಲ್ಲಿ ಹತರಾದ ಯಹೂದಿಗಳ ಹೆಸರುಗಳನ್ನು ಹೀಗೆ ಬಳಸಿದ್ದಕ್ಕೆ ವಿರೋಧ ಬಂದು 1995ರಲ್ಲಿ ಒಪ್ಪಂದವೇ ಆಯಿತು. ಸದಸ್ಯರು ತಮ್ಮ ಸ್ವಂತ ಪೂರ್ವಜರ ಹೆಸರುಗಳನ್ನಷ್ಟೇ ಕೊಡಬೇಕೆಂಬುದು ಚರ್ಚಿನ ನಿಯಮ. ಖಾತೆ ತೆರೆದ ಮಾತ್ರಕ್ಕೆ ಯಾರೂ ಸದಸ್ಯರಾಗುವುದಿಲ್ಲ, ವಿಧಿ ನಡೆದ ಮೃತರ ಹೆಸರೂ ಸದಸ್ಯರ ಪಟ್ಟಿಗೆ ಸೇರುವುದಿಲ್ಲ.

ಆ ಸದಸ್ಯರ ಪಟ್ಟಿಯ ಕಥೆಯೇ ಬೇರೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸೇರಿ ಆರು ಜನ ವಿಧ್ಯುಕ್ತವಾಗಿ ಆರಂಭಿಸಿದ ಸಂಸ್ಥೆ 1947ರಲ್ಲಿ ಹತ್ತು ಲಕ್ಷ, 1997ರಲ್ಲಿ ಒಂದು ಕೋಟಿ ಮುಟ್ಟಿತು. 2024ರ ಕೊನೆಗೆ ಚರ್ಚೇ ಹೇಳುವ ಲೆಕ್ಕ ಸುಮಾರು 1.75 ಕೋಟಿ. 1996ರಿಂದಲೇ ಅರ್ಧಕ್ಕಿಂತ ಹೆಚ್ಚು ಸದಸ್ಯರು ಅಮೆರಿಕದ ಹೊರಗಿದ್ದಾರೆ; ಬೆಂಗಳೂರಿನಲ್ಲಿ ಭಾರತದ ಮೊದಲ ದೇವಾಲಯ ಕಟ್ಟುವ ಘೋಷಣೆ 2018ರಲ್ಲಿ ಆಯಿತು. ದಶಕಕ್ಕೆ ಶೇಕಡಾ 50ರಂತೆ ಬೆಳೆದರೆ 2080ರ ಹೊತ್ತಿಗೆ ಇವರು 26.5 ಕೋಟಿ ಆಗುತ್ತಾರೆಂದು ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ 1984ರಲ್ಲಿ ಲೆಕ್ಕ ಹಾಕಿದ್ದರು. ಈಚಿನ ವರ್ಷಗಳಲ್ಲಿ ವೃದ್ಧಿ ವರ್ಷಕ್ಕೆ ಶೇಕಡಾ ಒಂದೆರಡರ ಆಸುಪಾಸಿನಲ್ಲಿರುವುದರಿಂದ ಆ ಲೆಕ್ಕ ದೂರವೇ ಉಳಿದಿದೆ. ಅದಕ್ಕಿಂತ ಕುತೂಹಲದ್ದು ಬ್ರೆಜಿಲಿನ ಉದಾಹರಣೆ. ಅಲ್ಲಿ 11 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆಂದು ಚರ್ಚು ಹೇಳುತ್ತಿದ್ದಾಗ, 2010ರ ಜನಗಣತಿಯಲ್ಲಿ ತಾವು ಈ ಪಂಥದವರೆಂದು ಹೇಳಿಕೊಂಡವರು ಸುಮಾರು 2.26 ಲಕ್ಷ. ಸುಳ್ಳು ಲೆಕ್ಕವೆಂದು ಇದನ್ನು ತಳ್ಳಿಹಾಕಲಾಗದು. ಒಮ್ಮೆ ದೀಕ್ಷೆ ಪಡೆದವರು ಬರುವುದನ್ನು ನಿಲ್ಲಿಸಿದರೂ ಅವರ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ. ಬರೆದಿಟ್ಟ ಹೆಸರಿಗೂ ಮನುಷ್ಯನಿಗೂ ಇರುವ ಈ ಅಂತರ, ಅವರದೇ ಕುಲವೃಕ್ಷದಲ್ಲಿ ನನ್ನವರನ್ನು ಕೂರಿಸಲು ಹೊರಟಾಗ ನನಗೂ ಎದುರಾಯಿತು.

ಕುಲವೃಕ್ಷದ ಪುಟ ಸರಳವಾಗಿದೆ, ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನಕ್ಷೆ ಅಂದವಾಗಿದೆ. ಬದುಕಿರುವವರ ವಿವರ ಸೇರಿಸಿದವರಿಗಷ್ಟೇ ಕಾಣುತ್ತದೆ. ಗತಿಸಿದವರದು ಇಡೀ ಜಗತ್ತಿಗೆ ಒಂದೇ ಮರ. ಖಾತೆಯುಳ್ಳ ಯಾರು ಬೇಕಾದರೂ ತಿದ್ದಬಹುದು, ಆದ್ದರಿಂದ ನಿಮ್ಮದೊಂದು ಪ್ರತಿಯನ್ನು ನೋಟುಬುಕ್ಕಿನಲ್ಲಿಯೂ ಇಟ್ಟುಕೊಳ್ಳಿ. ಹೆಸರು ಬರೆಯುವ ಅಂಕಣಗಳು ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎಂಬ ಪಾಶ್ಚಾತ್ಯ ಕ್ರಮದವು. ಹೆಗಡೆ, ಭಟ್ಟ ಎಂದು ಕೊನೆಯ ಹೆಸರು ಬರೆದರೆ ನಮ್ಮ ಘಟ್ಟದ ಮೇಲೆ ಅದರಿಂದ ಏನೂ ಪತ್ತೆಯಾಗದು. ನಮ್ಮಲ್ಲಿ ಮನುಷ್ಯನನ್ನು ಗುರುತಿಸುವುದು ಊರಿನಿಂದ, ಕೇರಿಯಿಂದ, ತೋಟದಿಂದ. ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸುವ ರೂಢಿಯಿದ್ದ ಮನೆಗಳಲ್ಲಿ ಇದು ಇನ್ನೂ ಕಗ್ಗಂಟು. ಅದೃಷ್ಟಕ್ಕೆ, ಹುಟ್ಟಿನ ಹೆಸರು, ಮದುವೆಯ ನಂತರದ ಹೆಸರು, ಕರೆಯುವ ಹೆಸರು ಎಂದು ಬೇರೆ ಬೇರೆಯಾಗಿ ಸೇರಿಸಲು ಅವಕಾಶವಿದೆ. ನನಗೆ ಅತ್ಯಂತ ಉಪಯೋಗಕ್ಕೆ ಬಂದ ಸೌಲಭ್ಯ ಇದೇ.

ದಾಖಲೆ ಹುಡುಕುವ ಆಸೆಯಿಂದ ಹೋಗುವವರು ನಿರೀಕ್ಷೆಯನ್ನು ತುಸು ತಗ್ಗಿಸಿಕೊಳ್ಳುವುದು ಒಳ್ಳೆಯದು. ಹರಿದ್ವಾರ ಮೊದಲಾದ ಕ್ಷೇತ್ರಗಳ ಪಂಡಾಗಳು, ಅಂದರೆ ಅಲ್ಲಿನ ತೀರ್ಥಪುರೋಹಿತರು, ಯಾತ್ರಿಕರ ವಂಶ ಬರೆದಿಟ್ಟ ಬಹಿ ಎಂಬ ಪುಸ್ತಕಗಳ ಚಿತ್ರಗಳು ಇಲ್ಲಿವೆ. ಉತ್ತರ ಭಾರತದ ಮನೆತನಗಳಿಗೆ ಅದು ನಿಧಿಯೇ ಸರಿ. ಬ್ರಿಟಿಷ್ ಕಾಲದ ದೀಕ್ಷಾಸ್ನಾನ, ಮದುವೆ, ಮರಣಗಳ ಸೂಚಿಯೂ ಇದೆ, ಆದರೆ ಅದರಲ್ಲಿರುವವರು ಹೆಚ್ಚಾಗಿ ಯುರೋಪಿಯನ್ನರು ಮತ್ತು ಕ್ರೈಸ್ತರು. ಕಾರವಾರದ ಕಡೆಯ ಕ್ರೈಸ್ತ ಕುಟುಂಬದವರು ಹುಡುಕುವುದಾದರೆ, ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದನ್ನು ನೆನಪಿಟ್ಟು ಎರಡೂ ಕಡೆ ನೋಡಬೇಕು. ಅಡಿಕೆ ತೋಟದ ಮನೆಯವರ ಹೆಸರುಗಳು ಅಲ್ಲಿ ಸಿಗುವ ಸಂಭವ ಕಡಿಮೆ. ಅವು ಇರುವುದು ಮಾಳಿಗೆಯ ಪೆಟ್ಟಿಗೆಯಲ್ಲಿ, ಜಾತಕದ ಕಟ್ಟಿನಲ್ಲಿ, ಪಹಣಿಯಲ್ಲಿ ಮತ್ತು ಹಿರಿಯರ ಬಾಯಲ್ಲಿ.

ಆ ಬಾಯಿಮಾತನ್ನು ಹಿಡಿದಿಡಲು ಈ ಸೇವೆ ನಿಜಕ್ಕೂ ಚೆನ್ನಾಗಿದೆ. ವ್ಯಕ್ತಿಯ ಪುಟಕ್ಕೆ ಫೋಟೊ, ಕಾಗದಪತ್ರ, ಧ್ವನಿಮುದ್ರಣ ಸೇರಿಸಬಹುದು. ಮಳೆಗಾಲದಲ್ಲಿ ನಮ್ಮೂರಿನ ನೆಟ್‌ವರ್ಕ್ ನಂಬಿ ದೊಡ್ಡ ಕಡತ ಏರಿಸಲು ಹೊರಡಬೇಡಿ ಎಂಬುದಷ್ಟೇ ನನ್ನ ಎಚ್ಚರಿಕೆ. ಮನೆಯ ಹಿರಿಯರ ಒಪ್ಪಿಗೆ ಪಡೆದು, ಹೆಸರು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಹೇಳಿಯೇ ಬರೆಯಿರಿ. ನಾನು ಹೇಳಿದಾಗ ಸೋದರಮಾವ ಸ್ವಲ್ಪ ಹೊತ್ತು ಯೋಚಿಸಿ, ತನ್ನ ಅಜ್ಜಿಯ ಹೆಸರನ್ನು ಬರೆಯಲು ಒಪ್ಪಿದ. ಆದರೆ ಅವಳ ಹುಟ್ಟಿನ ಹೆಸರು ಅವನಿಗೂ ಗೊತ್ತಿರಲಿಲ್ಲ. ಕುಮಟೆಯಲ್ಲಿರುವ ಅವಳ ತವರಿನವರನ್ನು ದೀಪಾವಳಿಗೆ ಹೋದಾಗ ಕೇಳೋಣ ಎಂದಿದ್ದಾನೆ. ಅಲ್ಲಿಯವರೆಗೆ ಆ ಅಂಕಣ ಖಾಲಿ ಇದೆ.