ಚೌಕಿಯಲ್ಲೇ (ಬಣ್ಣ ಹಚ್ಚುವ ಕೋಣೆಯಲ್ಲೇ) ರಕ್ಕಸನಾದ ಮಗ

ಕಾಲೇಜು ವಾರ್ಷಿಕೋತ್ಸವದ ಯಕ್ಷಗಾನಕ್ಕೆ ನಮ್ಮ ಕಡೆಯ ವೇಷಭೂಷಣದವರು ಮಾಡಿಕೊಟ್ಟ ಕೆಲಸ ನಿಜಕ್ಕೂ ಅದ್ಭುತ. ಮಗ ಘಟೋತ್ಕಚ. ತೆಂಕುತಿಟ್ಟಿನ, ಅಂದರೆ ಕರಾವಳಿಯ ದಕ್ಷಿಣ ಭಾಗದ ಶೈಲಿಯ, ಬಣ್ಣದ ವೇಷ; ರಕ್ಕಸರಿಗೆ ಹಾಕುವಂಥದ್ದು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ, ಅಂದರೆ ಉಬ್ಬು ಚುಕ್ಕೆ, ಇಟ್ಟರು. ಹುಬ್ಬಿನ ಸುತ್ತ, ಕೆನ್ನೆಯ ಮೇಲೆ ಒಂದೊಂದೇ ಚುಕ್ಕೆ, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಹಿಡಿಯುವ ಕೆಲಸ, ಆದರೂ ಗಡಿಬಿಡಿ ಇಲ್ಲ. ಇವನು ರಕ್ಕಸ ಅಂತ ಬಾಯಿ ಬಿಡುವ ಮೊದಲೇ ಮುಖ ಹೇಳಬೇಕು, ಅಲ್ವಾ? ಹೇಳಿತು. ಮುಂದಿನ ಸಾಲಿನ ಪುಟಾಣಿಗಳು ಅಮ್ಮಂದಿರ ಸೆರಗು ಹಿಡಿದುಕೊಂಡರು! ಎದುರು ನಿಂತ ಅಭಿಮನ್ಯುವಿಗೆ ತರುಣ ವೀರರ ಪುಂಡುವೇಷದ ನಯವಾದ ಬಣ್ಣ, ಹಣೆಯಲ್ಲಿ ನಾಮ. ಎಳೆಯ ವೀರ ಅಂತ ನೋಡಿದೊಡನೆ ಗೊತ್ತಾಗುತ್ತಿತ್ತು. ಕಿರೀಟ ಮಾತ್ರ ಹುಡುಗರ ತಲೆಗೆ ಭಾರ ಜಾಸ್ತಿ. ಚಿಕ್ಕ ಅಳತೆಯದನ್ನೂ ಇಟ್ಟುಕೊಂಡರೆ ಒಳ್ಳೆಯದು. ಬಣ್ಣ ತೆಗೆಯಲು ತೆಂಗಿನೆಣ್ಣೆಯನ್ನು ಅವರೇ ತಂದಿದ್ದರು. ಈ ವೇಷಭೂಷಣದವರು ಬೇಕಾದರೆ ಮೊದಲೇ ಹೇಳಿಡಿ.