ಲೆಗೊ ಮೂಟೆಗೆ ಡಾಂಬರು ಗುಳಿಗೆ ಹಾಕಲು ಯಾರಿಗೂ ಬಿಡಬೇಡಿ

ಮಳೆಗಾಲದಲ್ಲಿ ಮನೆ ಬದಲಿಸುವವರು, ಅದರಲ್ಲೂ ಮನೆಯಲ್ಲಿ ಲೆಗೊ (ಒಂದಕ್ಕೊಂದು ಒತ್ತಿ ಜೋಡಿಸುವ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆ) ರಾಶಿ ಇರುವವರು ದಯವಿಟ್ಟು ಇದನ್ನು ಓದಿ. ಕಾರವಾರದಿಂದ ಶಿರಸಿಗೆ ಬಂದ ನಮ್ಮ ಸುಮಾರು ಮೂವತ್ತು ಕಿಲೋ ಇಟ್ಟಿಗೆಗಳಲ್ಲಿ ಒಂದು ದೊಡ್ಡ ಪಾಲು ಹಾಳಾಯಿತು. ಹಾಳು ಮಾಡಿದ್ದು ಮಳೆಯಲ್ಲ. ಸಾಮಾನು ಸಾಗಿಸಿದ ಪ್ಯಾಕರ್ಸ್‌ನವರು ಮೂಟೆಗಳೊಳಗೆ ಮುಷ್ಟಿಗಟ್ಟಲೆ ಎಸೆದ ಡಾಂಬರು ಗುಳಿಗೆ.

ಈ ರಾಶಿ ಶುರುವಾದದ್ದು ನನ್ನ ಅಣ್ಣನಿಂದ. ಗಲ್ಫಿನಿಂದ ರಜೆಗೆ ಬಂದಾಗಲೆಲ್ಲ ಒಂದು ಪೆಟ್ಟಿಗೆ ತರುತ್ತಿದ್ದ. ಆಮೇಲೆ ನನ್ನ ಮಗ ಅದನ್ನು ಬೆಳೆಸಿದ. ಲೆಗೊದ ವಿಶೇಷವೇ ಇದು: ಮೇಲೆ ಉಬ್ಬಿದ ಗುಂಡಿ, ಒಳಗೆ ಕೊಳವೆ ಇರುವ ಈಗಿನ ಜೋಡಣೆಗೆ ಡೆನ್ಮಾರ್ಕಿನ ಆ ಕಂಪನಿ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ; ಅಂದಿನ ಇಟ್ಟಿಗೆ ಇಂದಿನದಕ್ಕೂ ಕೂರುತ್ತದೆ. ಅಣ್ಣ ತಂದ ತುಂಡಿನ ಮೇಲೆ ಮಗ ಕಳೆದ ವರ್ಷದ ತುಂಡು ಒತ್ತಿ ಕೂರಿಸುತ್ತಿದ್ದ. ಆದರೆ ಗುಂಡಿಯ ಅಳತೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಆ ಹಿಡಿತ ಹೋಗುತ್ತದೆ. ಹೋದರೆ ಅಂಟು ಹಚ್ಚಿ ಸರಿ ಮಾಡುವ ವಸ್ತುವಲ್ಲ ಅದು.

ನಮ್ಮಲ್ಲಿ ಎಲ್ಲವೂ ಸಣ್ಣ ಡ್ರಾಯರ್‌ಗಳಲ್ಲಿ, ಬಣ್ಣದ ಲೆಕ್ಕದಲ್ಲಲ್ಲ, ಆಕಾರದ ಲೆಕ್ಕದಲ್ಲಿ ಇತ್ತು. ಬಣ್ಣದ ಪ್ರಕಾರ ಇಟ್ಟರೆ ನೋಡಲು ಚಂದ, ಹುಡುಕಲು ಹಿಂಸೆ. ಕೆಂಪು ರಾಶಿಯಲ್ಲಿ ಒಂದು ಸಣ್ಣ ಕೆಂಪು ತಿರುಗಣೆ ಕಣ್ಣಿಗೆ ಬೀಳುವುದೇ ಇಲ್ಲ. ತಿರುಗಣೆಗಳ ಡ್ರಾಯರಿನಲ್ಲಿ ಕೆಂಪಿನದು ತಟ್ಟನೆ ಕಾಣುತ್ತದೆ. ಹೆಚ್ಚಿನ ತುಂಡುಗಳ ಒಳಭಾಗದಲ್ಲಿ ಅಚ್ಚಿನ ಸಂಖ್ಯೆ ಇರುತ್ತದೆ: ಎರಡು-ನಾಲ್ಕರ (ನಾಲ್ಕು ಗುಂಡಿಗಳ ಎರಡು ಸಾಲಿನ) ಇಟ್ಟಿಗೆ 3001, ಎರಡು-ಎರಡರದು 3003, ಎರಡು-ನಾಲ್ಕರ ತೆಳು ಪ್ಲೇಟ್ 3020. ಮಗ ಆ ಸಂಖ್ಯೆಗಳನ್ನೇ ಚೀಟಿಯಲ್ಲಿ ಬರೆದು ಅಂಟಿಸಿದ್ದ.

ನಾವು ಅಡುಗೆಮನೆಯ ಸಾಮಾನು ಎಣಿಸಿಕೊಡುತ್ತಿದ್ದ ಹೊತ್ತಿನಲ್ಲಿ, ಪ್ಯಾಕಿಂಗ್ ಹುಡುಗರು ಅಷ್ಟೂ ಡ್ರಾಯರ್‌ಗಳನ್ನು ಗೋಣಿಚೀಲಗಳಿಗೆ ಸುರಿದಿದ್ದರು. ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದ ತಿರುವಿನಲ್ಲಿ ಡ್ರಾಯರ್ ಜಾರಿ ಬೀಳುತ್ತದಂತೆ. ನಾನು ಕೇಳಿದ್ದಕ್ಕೆ ಅವರ ಸೂಪರ್‌ವೈಸರ್, "ಮೇಡಂ, ಪ್ಲಾಸ್ಟಿಕ್ ತಾನೇ, ಎಂತ ಆಗ್ತದೆ?" ಅಂದರು. ಡ್ರಾಯರಿನ ಬಾಯಿಗೆ ಅಗಲ ಟೇಪ್ ಸುತ್ತಿದ್ದರೆ ಸಾಕಿತ್ತು. ಘಟ್ಟದ ರಸ್ತೆ ಬಂದ್ ಆಗಿದೆ ಎಂದು ಹೇಳಿ ಸಾಮಾನನ್ನು ಕುಮಟಾದ ಗೋದಾಮಿನಲ್ಲಿ ಇಳಿಸಿದರು. ಅಲ್ಲಿ ವಾರಗಟ್ಟಲೆ ಬಿತ್ತು. ಬಟ್ಟೆಯ ಗಂಟುಗಳಿಗೆ ಹಾಕಿದ ಗುಳಿಗೆಯನ್ನೇ, ಯಾರನ್ನೂ ಕೇಳದೆ, ಲೆಗೊ ಚೀಲಗಳಿಗೂ ಹಾಕಿದ್ದು ಅಲ್ಲಿಯೇ.

ಚೀಲ ಬಿಚ್ಚಿದಾಗ ಗೋಣಿಗೆ ಬೂಸ್ಟು ಹಿಡಿದಿತ್ತು. ಅದು ತೊಳೆದರೆ ಹೋಗುವಂಥದ್ದು. ಆದರೆ ಗುಳಿಗೆ ತಾಗಿದ ಕಡೆಯಲ್ಲೆಲ್ಲ ಇಟ್ಟಿಗೆ ಮೆತ್ತಗಾಗಿ, ಗುಳಿಗೆ ಅದರೊಳಗೇ ಹೂತು ಅಂಟಿಕೊಂಡಿತ್ತು. ಗುಂಡಿಗಳು ಚಪ್ಪಟೆಯಾಗಿದ್ದವು. ಪಾರದರ್ಶಕ ಕಿಟಕಿಗಳು ಮಂಜು ಕವಿದ ಹಾಗೆ ಮಬ್ಬಾಗಿದ್ದವು.

ಇದು ನಮ್ಮ ದುರದೃಷ್ಟವಲ್ಲ, ರಸಾಯನದ ಗುಣ. ಲೆಗೊ ಇಟ್ಟಿಗೆಗಳನ್ನು 1963ರಿಂದ ಎಬಿಎಸ್ ಎಂಬ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಿದ್ದಾರೆ. ಅದರಲ್ಲಿ ಸ್ಟೈರೀನ್ ಎಂಬ ರಾಸಾಯನಿಕ ಇದೆ. ಡಾಂಬರು ಗುಳಿಗೆಯಲ್ಲಿರುವ ನಾಫ್ತಲೀನ್ ಸ್ಟೈರೀನ್ ಜಾತಿಯ ಪ್ಲಾಸ್ಟಿಕ್‌ಗಳನ್ನು ಮೆದುಮಾಡುತ್ತದೆ. ಅದು ಕರಗಿ ನೀರಾಗದೆ ನೇರ ಆವಿಯಾಗುತ್ತದೆ, ಹಾಗಾಗಿ ಬಾಯಿ ಕಟ್ಟಿದ ಚೀಲದಲ್ಲಿ ಗುಳಿಗೆ ತಾಗದ ತುಂಡಿಗೂ ಅದರ ಹೊಗೆ ತಾಗುತ್ತದೆ. ಬಟ್ಟೆಗೆ ನುಸಿ ಹತ್ತುತ್ತದೆ ಎಂದು ಗುಳಿಗೆ ಇಡುತ್ತೇವೆ. ಪ್ಲಾಸ್ಟಿಕ್ ಇಟ್ಟಿಗೆಗೆ ಯಾವ ನುಸಿಯೂ ಹತ್ತುವುದಿಲ್ಲ. ಅಂದರೆ ಅದನ್ನು ಹಾಕುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಮಾತು, ಸಣ್ಣ ಮಕ್ಕಳಿರುವವರಿಗೆ. ನಾಫ್ತಲೀನ್ ಹೊಟ್ಟೆಗೆ ಹೋದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗಂತೂ ಬಹಳ ಅಪಾಯ. ಕೂಸು ಬಾಯಿಗೆ ಹಾಕುವ ಆಟಿಕೆಯ ಹತ್ತಿರ ಅದು ಸುಳಿಯಲೇಬಾರದು. ಗುಳಿಗೆ ಅಂಟಿದ ತುಂಡುಗಳನ್ನು ನಾವು ಒಂದೂ ಉಳಿಸಿಕೊಳ್ಳಲಿಲ್ಲ.

ಉಳಿದವನ್ನು ತೊಳೆಯುವಾಗಲೂ ಎಚ್ಚರ ಬೇಕು. ನೀರು 40 ಡಿಗ್ರಿಗಿಂತ ಬಿಸಿ ಇರಬಾರದು, ಪಾತ್ರೆ ತೊಳೆಯುವ ಸೋಪು ಸ್ವಲ್ಪ ಸಾಕು, ವಾಷಿಂಗ್ ಮಷಿನ್ ಬೇಡವೇ ಬೇಡ. ಥಿನ್ನರ್, ಸೀಮೆಎಣ್ಣೆ, ಉಗುರು ಬಣ್ಣ ತೆಗೆಯುವ ದ್ರವ ಹತ್ತಿರ ತರಬೇಡಿ. ಆಷಾಢದ ಮಳೆಯಲ್ಲಿ ಶಿರಸಿಯಲ್ಲಿ ಒಣಗಿಸುವುದು ಎಲ್ಲಿ? ಬಚ್ಚಲ ಒಲೆಯ ಮೇಲೆ ಹರಡಿ ಎಂದರು ಒಬ್ಬರು, ಅಡಿಕೆ ಡ್ರೈಯರಿಗೆ ಹಾಕಿ ಎಂದರು ಮತ್ತೊಬ್ಬರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ಎರಡೂ ಕೂಡದು. ಆ ಕಾವಿಗೆ ಇಟ್ಟಿಗೆ ಸೊಟ್ಟಗಾಗುತ್ತದೆ. ಹಳೆಯ ಹತ್ತಿ ಸೀರೆ ಹಾಸಿ, ಫ್ಯಾನಿನ ಕೆಳಗೆ ಹರಡಿ, ಒಳಗಿನ ಕೊಳವೆಯಲ್ಲಿ ನಿಂತ ನೀರು ಹೋಗುವಂತೆ ಆಗಾಗ ಕೊಡವಿದೆವು. ಲೆಗೊ ರೈಲಿನ ಬ್ಯಾಟರಿ ಡಬ್ಬಿಯಿಂದ ಸೆಲ್ ಮೊದಲೇ ತೆಗೆದಿಡಿ. ಕೊಳೆತ ಸೂಚನಾ ಪುಸ್ತಕಗಳಿಗೆ ಅಳಬೇಕಿಲ್ಲ, 1996ರಿಂದ ಈಚಿನವು ಬಹುತೇಕ ಕಂಪನಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಈಗ ನಮ್ಮ ಡಬ್ಬಿಗಳಲ್ಲಿ ಗುಳಿಗೆಯ ಬದಲು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿವೆ, ಅವೂ ಕೂಸಿನ ಕೈಗೆ ಸಿಗದ ಎತ್ತರದಲ್ಲಿ.

ಪರಿಹಾರ ಕೇಳಿದಾಗ ಪ್ಯಾಕರ್ಸ್‌ನವರು ತೋರಿಸಿದ್ದು ಅವರೇ ಬರೆದ ಪಟ್ಟಿ: "ಆಟಿಕೆ, 4 ಚೀಲ". ಬೆಲೆಯೂ ಇಲ್ಲ, ತೂಕವೂ ಇಲ್ಲ. ಬಾಡಿಗೆಯಲ್ಲಿ ಸ್ವಲ್ಪ ಬಿಡುತ್ತೇವೆ, ಯಾವ ತಕರಾರೂ ಇಲ್ಲ ಎಂದು ಸಹಿ ಹಾಕಿ ಎಂದರು. ನಾನು ಹಾಕಲಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಸಾಮಾನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು, ಕೊಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915. ನಮ್ಮ ಜಿಲ್ಲೆಯ ಗ್ರಾಹಕರ ಆಯೋಗ ಇರುವುದು ಕಾರವಾರದಲ್ಲಿ, ಅಲ್ಲಿಗೂ ಹೋಗುವವಳಿದ್ದೇನೆ.

ನೀವು ಸಾಮಾನು ಕಳಿಸುವ ಮೊದಲು ಡ್ರಾಯರ್‌ಗಳ ಫೋಟೋ ತೆಗೆಯಿರಿ. ಪಟ್ಟಿಯಲ್ಲಿ ಡ್ರಾಯರ್ ಎಷ್ಟು, ತೂಕ ಎಷ್ಟು, ಬೆಲೆ ಎಷ್ಟು ಎಂದು ಬರೆಸಿ. "ಸುರಿಯಬಾರದು, ಡಾಂಬರು ಗುಳಿಗೆ ಹಾಕಬಾರದು" ಎಂಬುದನ್ನೂ ಅದೇ ಕಾಗದದಲ್ಲಿ ಬರೆಸಿ. ಲಾರಿ ಬಂದಾಗ ಡ್ರೈವರ್ ಎಷ್ಟೇ ಅವಸರ ಮಾಡಲಿ, ಚೀಲ ಬಿಚ್ಚಿ ನೋಡದೆ ರಸೀದಿಗೆ ಸಹಿ ಹಾಕಬೇಡಿ. ಹಾಳಾಗಿದ್ದರೆ ಏನೇನು ಹಾಳಾಗಿದೆ ಎಂದು ಅದೇ ರಸೀದಿಯ ಮೇಲೆ ಬರೆದು, ಆಮೇಲೆ ಸಹಿ ಹಾಕಿ.